ಹದಿನೈದರ ಹುಡುಗ, ಮೂವತ್ತಾರರ ಲಿನ್ ಡಾನ್: ಸಿಂಗಲ್ಸ್ ಆಟಗಾರನ ಆಯುಸ್ಸು ಎಷ್ಟು?

ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಬಹಳ ವರ್ಷದಿಂದ ಪುಣೆಯ ಕೊಥ್ರೂಡ್‌ನಲ್ಲಿದ್ದೇವೆ. ಮಗನಿಗೆ ಹದಿನೈದು ವರ್ಷ. ಬ್ಯಾಡ್ಮಿಂಟನ್ ಸಿಂಗಲ್ಸ್ ಆಡುತ್ತಾನೆ. ಜಿಲ್ಲಾ ಮಟ್ಟದಲ್ಲಿ ಸೆಮಿಫೈನಲ್‌ವರೆಗೆ ಹೋಗುತ್ತಾನೆ, ರಾಜ್ಯ ಮಟ್ಟದಲ್ಲಿ ಒಂದೆರಡು ಸುತ್ತಿನಲ್ಲೇ ಸೋಲುತ್ತಾನೆ. ಮುಂದಿನ ವರ್ಷ ಹತ್ತನೇ ತರಗತಿ. ಶಾಲೆ ಬಿಟ್ಟು ಪೂರ್ತಿ ಆಟಕ್ಕೇ ಇಳಿಯುತ್ತೇನೆ ಎಂದು ಹಟ ಹಿಡಿದಿದ್ದಾನೆ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಸಿಕ್ಕ ಪರಿಚಯದವರೊಬ್ಬರು, "ಸಿಂಗಲ್ಸ್ ಆಟಗಾರನ ಆಯುಸ್ಸು ಇಪ್ಪತ್ತೆಂಟಕ್ಕೆ ಮುಗೀತು, ಈಗ ಧುಮುಕದಿದ್ದರೆ ತಡವಾಯ್ತು" ಎಂದರು. ನಮ್ಮ ಯಜಮಾನರು ಬೇಡವೇ ಬೇಡ ಎನ್ನುತ್ತಾರೆ. ಜಗತ್ತಿನ ದೊಡ್ಡ ಆಟಗಾರರ ವೃತ್ತಿ ನಿಜಕ್ಕೂ ಎಷ್ಟು ವರ್ಷ ನಡೆಯುತ್ತದೆ? ಯಾವ ವಯಸ್ಸಿಗೆ ಏನು ಸಾಧಿಸಿರಬೇಕು? ಇತ್ತೀಚೆಗೆ ಮೊಣಕಾಲು ನೋವು ಎಂದೂ ಹೇಳುತ್ತಾನೆ.

ಉತ್ತರ:

ತಾಯಿ, ಮೊದಲು ಆ ಇಪ್ಪತ್ತೆಂಟರ ಮಾತನ್ನು ಬದಿಗಿಡೋಣ. ಅದು ನಿಜವಲ್ಲ. ಮಲೇಷ್ಯಾದ ಲೀ ಚೊಂಗ್ ವೇ 2019ರ ಜೂನ್‌ನಲ್ಲಿ ನಿವೃತ್ತಿ ಹೇಳಿದಾಗ ಅವರಿಗೆ 36 ವರ್ಷ. ಅವರನ್ನು ಅಂಕಣದಿಂದ ಹೊರಗೆ ಕಳಿಸಿದ್ದು ವಯಸ್ಸಲ್ಲ, ಮೂಗಿನ ಕ್ಯಾನ್ಸರ್. ಕಾಯಿಲೆ ಗೊತ್ತಾಗುವ ಸ್ವಲ್ಪ ಮೊದಲು, 2018ರಲ್ಲಿ, ಮಲೇಷ್ಯಾ ಓಪನ್ನನ್ನು ಹನ್ನೆರಡನೇ ಸಲ ಗೆದ್ದಿದ್ದರು. ಫೈನಲ್‌ನಲ್ಲಿ ಸೋತವರು ತಮಗಿಂತ ಹನ್ನೆರಡು ವರ್ಷ ಕಿರಿಯರಾದ ಜಪಾನಿನ ಕೆಂಟೊ ಮೊಮೊಟಾ. ಚೀನಾದ ಲಿನ್ ಡಾನ್ 2020ರಲ್ಲಿ ಆಟ ಬಿಟ್ಟಾಗಲೂ 36, ಡೆನ್ಮಾರ್ಕ್‌ನ ಪೀಟರ್ ಗೇಡ್ 2012ರ ಕೊನೆಗೆ ರಾಕೆಟ್ ಕೆಳಗಿಟ್ಟಾಗಲೂ 36. ಅದೇ ಡೆನ್ಮಾರ್ಕ್‌ನ ಪೌಲ್ ಎರಿಕ್ ಹೋಯರ್ ಲಾರ್ಸನ್ 1996ರಲ್ಲಿ ಒಲಿಂಪಿಕ್ ಚಿನ್ನ ಗೆದ್ದದ್ದು ಮೂವತ್ತರ ವಯಸ್ಸಿನಲ್ಲಿ. 2025ರ ವಿಶ್ವ ಚಾಂಪಿಯನ್ ಶಿ ಯೂಚಿಗೆ ಆಗ 29. ನಮ್ಮ ಮುಂಬಯಿಯಲ್ಲಿ ಬೆಳೆದ ಅಜಯ್ ಜಯರಾಮ್ 2015ರಲ್ಲಿ, ಅಂದಿನ ಉನ್ನತ ಟೂರ್ನಿಗಳ ಸರಣಿಯಾದ ಸೂಪರ್ ಸೀರೀಸ್‌ನ ಕೊರಿಯಾ ಓಪನ್ ಫೈನಲ್ ಆಡಿದಾಗ ಇಪ್ಪತ್ತೆಂಟನೇ ಹುಟ್ಟುಹಬ್ಬಕ್ಕೆ ಕೆಲವೇ ದಿನ ಬಾಕಿಯಿತ್ತು. ನಿಮ್ಮ ಪರಿಚಯದವರ ಲೆಕ್ಕದಲ್ಲಿ ಅವರ ಆಟ ಅಷ್ಟು ಹೊತ್ತಿಗೆ ಮುಗಿದಿರಬೇಕಿತ್ತು.

ಎಲ್ಲರಿಗೂ ಮೂವತ್ತಾರರ ಭಾಗ್ಯ ಸಿಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಇಂಡೋನೇಷ್ಯಾದ ತೌಫಿಕ್ ಹಿದಾಯತ್ 2004ರಲ್ಲಿ ಒಲಿಂಪಿಕ್ ಚಿನ್ನ, ಮರುವರ್ಷವೇ ವಿಶ್ವ ಕಿರೀಟ ಗೆದ್ದವರು. ಅಂಥ ಬ್ಯಾಕ್‌ಹ್ಯಾಂಡ್ ಸ್ಮ್ಯಾಶ್ ಅವರ ಹಿಂದೆ ನಾನು ಕಂಡಿರಲಿಲ್ಲ, ಮುಂದೂ ಕಂಡಿಲ್ಲ. 2013ರಲ್ಲಿ ಸ್ವಂತ ನೆಲದ ಇಂಡೋನೇಷ್ಯಾ ಓಪನ್‌ನ ಮೊದಲ ಸುತ್ತಿನಲ್ಲಿ ನಮ್ಮ ಸಾಯಿ ಪ್ರಣೀತ್‌ಗೆ ಸೋತು ಆಟ ಮುಗಿಸಿದರು. ಆಗ 31. ಮೊಮೊಟಾ ಅಂತರರಾಷ್ಟ್ರೀಯ ಆಟ ಬಿಟ್ಟದ್ದು 29ಕ್ಕೆ. ಅವರ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ವೃತ್ತಿಯನ್ನು ಹುಟ್ಟಿದ ದಿನಾಂಕದಿಂದ ಅಳೆಯುವವರು ಮೊದಲು ಓದಬೇಕಾದದ್ದು ಅದನ್ನೇ.

2015ರಲ್ಲಿ ಇಪ್ಪತ್ತೊಂದರ ಹುಡುಗ ವರ್ಷಾಂತ್ಯದ ಸೂಪರ್ ಸೀರೀಸ್ ಫೈನಲ್ಸ್ ಗೆದ್ದ. ಮರುವರ್ಷ ಅಕ್ರಮ ಜೂಜುಕೇಂದ್ರಕ್ಕೆ ಹೋದದ್ದು ಬಯಲಾಗಿ ಜಪಾನಿನ ಸಂಸ್ಥೆ ನಿಷೇಧ ಹೇರಿತು. ರಿಯೊ ಒಲಿಂಪಿಕ್ಸ್ ತಪ್ಪಿತು, ರ‍್ಯಾಂಕಿಂಗ್ ಪಾತಾಳ ಸೇರಿತು. ಮರಳಿ ಬಂದು ಸಣ್ಣ ಟೂರ್ನಿಗಳಿಂದ ಮೇಲೇರಿ 2018ರಲ್ಲಿ, 2019ರಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆದ. 2019 ಒಂದೇ ವರ್ಷದಲ್ಲಿ ಹನ್ನೊಂದು ಪ್ರಶಸ್ತಿ. 2020ರ ಜನವರಿಯಲ್ಲಿ ಮಲೇಷ್ಯಾ ಮಾಸ್ಟರ್ಸ್ ಗೆದ್ದ ಮಾರನೇ ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವರಿದ್ದ ವಾಹನ ಅಪಘಾತಕ್ಕೆ ಸಿಕ್ಕಿತು. ಚಾಲಕ ತೀರಿಕೊಂಡರು. ಮೊಮೊಟಾ ಅವರ ಕಣ್ಣುಗುಳಿಯ ಮೂಳೆ ಮುರಿದಿತ್ತು, ಒಂದು ಶಟಲ್ ಎರಡಾಗಿ ಕಾಣತೊಡಗಿತ್ತು. ಶಸ್ತ್ರಚಿಕಿತ್ಸೆ ಆಯಿತು, ಅಂಕಣಕ್ಕೂ ಬಂದರು, ಆದರೆ ಆ ಹಳೆಯ ಮೊಮೊಟಾ ಬರಲಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಗುಂಪು ಹಂತದಲ್ಲೇ ಹೊರಬಿದ್ದರು. 2024ರಲ್ಲಿ, ಮನಸ್ಸು ಹೇಳಿದಂತೆ ದೇಹ ಕೇಳದಾದಾಗ, ರಾಷ್ಟ್ರೀಯ ತಂಡದಿಂದ ಬೀಳ್ಕೊಂಡರು. ಹದಿನೈದಕ್ಕೆ ಶಾಲೆ ಬಿಟ್ಟರೆ ಗೆಲುವು, ಹದಿನೆಂಟಕ್ಕೆ ಬಿಟ್ಟರೆ ಸೋಲು ಎಂಬ ಲೆಕ್ಕ ಇಂಥ ಬದುಕಿನ ಮುಂದೆ ನಿಲ್ಲುವುದಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾವ ವಯಸ್ಸಿಗೆ ಏನಾಗಿರಬೇಕು? ಹದಿನೈದಕ್ಕೆ ಏನೂ ಆಗಿರಬೇಕಿಲ್ಲ. ಇದನ್ನು ನಿಮ್ಮ ಸಮಾಧಾನಕ್ಕೆ ಹೇಳುತ್ತಿಲ್ಲ. ಹದಿನೈದರ ಹುಡುಗರಲ್ಲಿ ಒಬ್ಬನಿಗೆ ಮೀಸೆ ಮೂಡಿರುತ್ತದೆ, ಇನ್ನೊಬ್ಬ ಇನ್ನೂ ಮಗುವಿನ ಹಾಗಿರುತ್ತಾನೆ. ಬೇಗ ಬೆಳೆದವನು ಸ್ಮ್ಯಾಶ್ ಬಲದಿಂದಲೇ ರಾಜ್ಯ ಮಟ್ಟ ಗೆಲ್ಲುತ್ತಾನೆ. ಹತ್ತೊಂಬತ್ತಕ್ಕೆ ಇಬ್ಬರ ಎತ್ತರ, ತೂಕ ಸಮವಾದಾಗ ಯಾರ ಕಾಲು ಚುರುಕು, ಯಾರ ಕೈ ಮೃದು ಎಂಬುದು ಬಯಲಿಗೆ ಬರುತ್ತದೆ. ನಿಮ್ಮ ಮಗ ರಾಜ್ಯ ಮಟ್ಟದಲ್ಲಿ ಸೋಲುವುದು ಯಾರಿಗೆ, ಯಾವ ಅಂಕಕ್ಕೆ ಎಂದು ಬರೆದಿಡಿ. 21-9 ಸೋಲಿಗೂ 21-18 ಸೋಲಿಗೂ ಅಜಗಜಾಂತರ. ಮೂರನೇ ಗೇಮಿಗೆ ಹೋಗಿ ಸೋಲುತ್ತಿದ್ದರೆ ಮೊದಲು ನೋಡಬೇಕಾದ್ದು ಅವನ ದಮ್ಮು.

ಚಿಕ್ಕಂದಿನಲ್ಲೇ ಮಿಂಚಿದವರು ಇಲ್ಲವೆಂದಲ್ಲ. ಇಂಡೋನೇಷ್ಯಾದ ರೂಡಿ ಹಾರ್ಟೊನೊ 1968ರಲ್ಲಿ ಹದಿನೆಂಟಕ್ಕೇ, ಈ ಆಟದ ಬಹು ಹಳೆಯ ಪ್ರತಿಷ್ಠಿತ ಟೂರ್ನಿಯಾದ ಆಲ್ ಇಂಗ್ಲೆಂಡ್ ಗೆದ್ದು, ಒಟ್ಟು ಎಂಟು ಸಲ ಗೆದ್ದರು. ಥಾಯ್ಲೆಂಡಿನ ಕುನ್ಲವುತ್ ವಿತಿದ್‌ಸರ್ನ್ 2017ರಿಂದ 2019ರವರೆಗೆ ಸತತ ಮೂರು ವರ್ಷ ಜೂನಿಯರ್ ವಿಶ್ವ ಚಾಂಪಿಯನ್, 2023ರಲ್ಲಿ ಹಿರಿಯರ ವಿಶ್ವ ಚಾಂಪಿಯನ್. ಆದರೆ ಜೂನಿಯರ್ ಕಿರೀಟದಿಂದ ಹಿರಿಯರ ಕಿರೀಟದವರೆಗಿನ ದಾರಿ ಎಷ್ಟು ಉದ್ದ ನೋಡಿ. ಡೆನ್ಮಾರ್ಕ್‌ನ ವಿಕ್ಟರ್ ಆಕ್ಸೆಲ್ಸನ್ 2010ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. ಮೊದಲ ಹಿರಿಯ ವಿಶ್ವ ಪ್ರಶಸ್ತಿ 2017ರಲ್ಲಿ. ಒಲಿಂಪಿಕ್ ಚಿನ್ನ ಇಪ್ಪತ್ತೇಳಕ್ಕೆ, ಮತ್ತೊಂದು ಮೂವತ್ತಕ್ಕೆ. ಜಗತ್ತಿನ ಅತಿ ಪ್ರತಿಭಾವಂತ ಹುಡುಗನಿಗೇ ಏಳು ವರ್ಷ ಬೇಕಾಯಿತು. ಲೀ ಚೊಂಗ್ ವೇ ಅವರಂತೂ ರಾಕೆಟ್ ಹಿಡಿದದ್ದೇ ಹನ್ನೊಂದರಲ್ಲಿ. ಅದಕ್ಕೂ ಮೊದಲು ಬ್ಯಾಸ್ಕೆಟ್‌ಬಾಲ್ ಹುಚ್ಚು, ಬಿಸಿಲಿನಲ್ಲಿ ಆಡಬೇಡ ಎಂದು ತಾಯಿಯೇ ಬಿಡಿಸಿದರಂತೆ.

ನಮ್ಮ ಪ್ರಕಾಶ್ ಪಡುಕೋಣೆಯವರನ್ನೇ ತೆಗೆದುಕೊಳ್ಳಿ. ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ, ಮದುವೆ ಇಲ್ಲದ ದಿನಗಳಲ್ಲಿ ಆಡಿ ಬೆಳೆದವರು. 1971ರಲ್ಲಿ ಹದಿನಾರಕ್ಕೆ ಜೂನಿಯರ್, ಸೀನಿಯರ್ ಎರಡೂ ರಾಷ್ಟ್ರೀಯ ಪ್ರಶಸ್ತಿ. ಅಲ್ಲಿಂದ 1979ರವರೆಗೆ ಸತತ ಒಂಬತ್ತು ವರ್ಷ ದೇಶದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೂ 1978ರ ಕಾಮನ್‌ವೆಲ್ತ್ ಚಿನ್ನದವರೆಗೆ ಹೊರಗೆ ದೊಡ್ಡ ಹೆಸರು ಬರಲಿಲ್ಲ. 1980ರಲ್ಲಿ ಡೆನ್ಮಾರ್ಕ್, ಸ್ವೀಡನ್, ಕೊನೆಗೆ ಆಲ್ ಇಂಗ್ಲೆಂಡ್ ಒಂದರ ಹಿಂದೊಂದು ಗೆದ್ದರು. ಫೈನಲ್‌ನಲ್ಲಿ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದರು. ಆಗ 24. ನಡುವಿನ ಆ ಒಂಬತ್ತು ವರ್ಷಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಆ ಕಪ್ಪಿಗಿಂತ ಆ ಒಂಬತ್ತು ವರ್ಷಗಳ ಮೇಲೆ ಹೆಚ್ಚು ಗೌರವ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಲ್ಲಿಗೆ ಬಂತು. ಸಿಂಗಲ್ಸ್ ಆಟಗಾರನ ವೃತ್ತಿ ನಿರ್ಧಾರವಾಗುವುದು ಹದಿನೆಂಟರಿಂದ ಇಪ್ಪತ್ತಮೂರರ ನಡುವೆ. ಜೂನಿಯರ್ ವಯಸ್ಸು ಮುಗಿದಿರುತ್ತದೆ, ಹಿರಿಯರಲ್ಲಿ ಇನ್ನೂ ಹೆಸರಿರುವುದಿಲ್ಲ, ಸೋಲು ಹೆಚ್ಚು, ಖರ್ಚು ಅದಕ್ಕಿಂತ ಹೆಚ್ಚು. ಆ ಐದು ವರ್ಷ ಹುಡುಗನನ್ನು ಹೊರುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದೊಡ್ಡ ಹೆಸರುಗಳ ಹಿಂದೆ ಯಾರಿದ್ದರು ಎಂದು ಹುಡುಕಿ, ಗೊತ್ತಾಗುತ್ತದೆ. ಲಿನ್ ಡಾನ್ ಐದನೇ ವಯಸ್ಸಿಗೆ ಆಟ ಶುರುಮಾಡಿ ಹನ್ನೆರಡಕ್ಕೆ ಚೀನಾ ಸೇನೆಯ ಕ್ರೀಡಾ ದಳ ಸೇರಿದರು. ಊಟ, ವಸತಿ, ತರಬೇತಿ, ಆಮೇಲಿನ ಕೆಲಸ ಎಲ್ಲವೂ ಸರ್ಕಾರದ್ದು. ಮೊಮೊಟಾ ಒಂದು ದೂರವಾಣಿ ಕಂಪನಿಯ ತಂಡದ ಆಟಗಾರ. ಜಪಾನಿನಲ್ಲಿ ಕಂಪನಿಗಳೇ ತಂಡ ಸಾಕುತ್ತವೆ. ಇಂಡೋನೇಷ್ಯಾದಲ್ಲಿ ಜಾರುಮ್‌ನಂಥ ದೊಡ್ಡ ಕ್ಲಬ್ಬುಗಳು ಚಿಕ್ಕ ಹುಡುಗರನ್ನು ಆರಿಸಿ ಹಾಸ್ಟೆಲ್‌ನಲ್ಲಿಟ್ಟು ಬೆಳೆಸುತ್ತವೆ. ಡೆನ್ಮಾರ್ಕ್‌ನಲ್ಲಿ ಊರೂರಿಗೆ ಕ್ಲಬ್ಬು. ನಮ್ಮಲ್ಲಿ? ಹದಿನೆಂಟಕ್ಕೆ ರಾಷ್ಟ್ರೀಯ ಶಿಬಿರದ ಕಣ್ಣಿಗೆ ಬೀಳದ ಹುಡುಗನನ್ನು ಹೊರುವುದು ಅಪ್ಪ, ಅಮ್ಮ. ಲಿನ್ ಡಾನ್ ಹನ್ನೆರಡಕ್ಕೆ ಮನೆ ಬಿಟ್ಟರು ಎಂದು ನಿಮ್ಮ ಮಗ ವಾದಿಸಿದರೆ, ಅವರು ಬಿಟ್ಟು ಹೋದದ್ದು ಎಲ್ಲಿಗೆ ಎಂದು ಕೇಳಿ.

ಹಣದ ಲೆಕ್ಕ ಹೇಗೆ ನಡೆಯುತ್ತದೆ ಎಂದರೆ, ವಿಶ್ವ ರ‍್ಯಾಂಕಿಂಗ್‌ಗೆ ಹಿಂದಿನ 52 ವಾರಗಳಲ್ಲಿ ಆಟಗಾರ ಗಳಿಸಿದ ಅತ್ಯುತ್ತಮ ಹತ್ತು ಫಲಿತಾಂಶಗಳು ಪರಿಗಣನೆಗೆ ಬರುತ್ತವೆ. ಟೂರ್ನಿಗಳಿಗೆ ದರ್ಜೆಗಳಿವೆ: ಮೇಲೆ ಸೂಪರ್ 1000, ಕೆಳಗೆ 750, 500, 300, 100. ಅದಕ್ಕೂ ಕೆಳಗೆ ಇಂಟರ್‌ನ್ಯಾಷನಲ್ ಚಾಲೆಂಜ್, ಸೀರೀಸ್ ಎಂಬ ಸಣ್ಣ ಟೂರ್ನಿಗಳು. ಹೊಸಬ ಶುರುಮಾಡುವುದು ಈ ಕೆಳಗಿನ ಮೆಟ್ಟಿಲಿನಿಂದ, ಅದೂ ಕ್ವಾಲಿಫೈಯಿಂಗ್ ಎಂಬ ಅರ್ಹತಾ ಸುತ್ತಿನಿಂದ. ಸೂಪರ್ 750 ಮಟ್ಟದ ಇಂಡಿಯಾ ಓಪನ್‌ನಂಥ ಟೂರ್ನಿಯಲ್ಲಿ ಸಿಂಗಲ್ಸ್ ವಿಜೇತನಿಗೆ ಒಟ್ಟು ಬಹುಮಾನದ ಶೇಕಡ 7ರಷ್ಟು ಸಿಗುತ್ತದೆ, ಅದು ಹತ್ತಾರು ಲಕ್ಷ ರೂಪಾಯಿ. ಕೆಳಗಿನ ಟೂರ್ನಿಗಳ ಮೊದಲ ಸುತ್ತಿನಲ್ಲಿ ಸೋತವನಿಗೆ ವಿಮಾನದ ಟಿಕೆಟ್ಟಿನ ದುಡ್ಡೂ ಹುಟ್ಟುವುದಿಲ್ಲ. ಇಂಥ ಟೂರ್ನಿಗಳು ವರ್ಷಕ್ಕೆ ಹತ್ತಾದರೂ ಬೇಕು, ರ‍್ಯಾಂಕಿಂಗ್ ಹತ್ತು ಕೇಳುತ್ತದಲ್ಲ. ಹದಿನೈದಕ್ಕೇ ಶಾಲೆ ಬಿಡಿಸಿ, ದುಬಾರಿ ಅಕಾಡೆಮಿಗೆ ಕೂಡಿಟ್ಟದ್ದೆಲ್ಲ ಸುರಿದರೆ, ಮಳೆ ಬೀಳುವ ಮೊದಲೇ ಬಿತ್ತನೆ ಬೀಜ ಉಂಡು ಮುಗಿಸಿದ ರೈತನ ಸ್ಥಿತಿ ಆಗುತ್ತದೆ. ನಿಮ್ಮ ಹಣ, ನಿಮ್ಮ ತಾಳ್ಮೆ ನಿಜವಾಗಿ ಬೇಕಾಗುವುದು ಇನ್ನು ಮೂರು ವರ್ಷದ ನಂತರ.

ನಂದು ನಾಟೇಕರ್ ಅವರ ಕಾಲದಲ್ಲಿ ಆಟದಿಂದ ಹಣವೇ ಇರಲಿಲ್ಲ. ಸಾಂಗ್ಲಿಯಲ್ಲಿ ಹುಟ್ಟಿ 2021ರಲ್ಲಿ ನಮ್ಮ ಪುಣೆಯಲ್ಲೇ ಕಣ್ಮುಚ್ಚಿದ ಅವರು 1956ರಲ್ಲಿ ಮಲಯಾದಲ್ಲಿ ಗೆದ್ದು, ವಿದೇಶದಲ್ಲಿ ಪ್ರಶಸ್ತಿ ಗೆದ್ದ ಮೊದಲ ಭಾರತೀಯ ಬ್ಯಾಡ್ಮಿಂಟನ್ ಆಟಗಾರ ಎನಿಸಿಕೊಂಡರು. ಇಂದು ರೈಲ್ವೆ, ಪೆಟ್ರೋಲಿಯಂ ಕಂಪನಿಗಳ ನೌಕರಿ ಇದೆ, ಮಹಾರಾಷ್ಟ್ರ ಸರ್ಕಾರದ ಕೆಲಸಗಳಲ್ಲಿ ಕ್ರೀಡಾಪಟುಗಳಿಗೆ ಶೇಕಡ 5 ಮೀಸಲಿದೆ, ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಕ್ರೀಡೆಗೆ ಹೆಚ್ಚುವರಿ ಅಂಕವೂ ಇದೆ. ಯಜಮಾನರಿಗೆ ಇದನ್ನು ತೋರಿಸಿ. ಆದರೆ ಇವೆಲ್ಲ ಓದು ಮುಗಿಸಿದವನಿಗೆ ಒದಗುವ ಅನುಕೂಲಗಳು. ಶಾಲೆ ಬಿಟ್ಟವನಿಗೆ ಇವುಗಳಲ್ಲಿ ಅರ್ಧ ಬಾಗಿಲು ತಾನಾಗಿ ಮುಚ್ಚುತ್ತವೆ.

ಇನ್ನು ಮೊಣಕಾಲು. ನೀವು ಕೊನೆಯ ಸಾಲಿನಲ್ಲಿ ಬರೆದದ್ದನ್ನು ನಾನು ಮೊದಲ ಸಾಲಿನಲ್ಲಿ ಬರೆಯುತ್ತಿದ್ದೆ. ಎತ್ತರ ಏರುವ ವಯಸ್ಸಿನಲ್ಲಿ ಮೂಳೆ ಬೇಗ ಬೆಳೆಯುತ್ತದೆ, ಸ್ನಾಯು ಅದರ ಹಿಂದೆ ಬಿಗಿಯುತ್ತದೆ. ಚಿಪ್ಪಿನ ಕೆಳಗೆ, ಕಾಲಿನ ಮೂಳೆ ಉಬ್ಬಿದ ಜಾಗದಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಅದು ಆಸ್ಗುಡ್ ಶ್ಲಾಟರ್ ಎಂಬ ತೊಂದರೆ ಇರಬಹುದು. ಜಿಗಿದು ಆಡುವ ಹುಡುಗರಲ್ಲಿ ಬಹಳ ಸಾಮಾನ್ಯ, ಬೆಳವಣಿಗೆ ನಿಂತ ಮೇಲೆ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಆದರೆ ಆ ನೋವಿನ ಮೇಲೆ ದಿನಕ್ಕೆ ಎರಡು ಹೊತ್ತು ಜಿಗಿಸಿದರೆ ಆಟ ಬೆಳೆಯುವುದಿಲ್ಲ, ನೋವು ಬೆಳೆಯುತ್ತದೆ. ಮೂಳೆ ವೈದ್ಯರಿಗೆ ಒಮ್ಮೆ ತೋರಿಸಿ, ನೋವು ಯಾವ ಜಾಗದ್ದು ಎಂದು ಅವರೇ ನಿರ್ಧರಿಸಲಿ. ಅಲ್ಲಿಯವರೆಗೆ ಜಂಪ್ ಸ್ಮ್ಯಾಶ್ ಬೇಡ, ಸಿಮೆಂಟು ನೆಲದ ಮೇಲೆ ಆಟ ಬೇಡ, ಸ್ಕಿಪ್ಪಿಂಗ್ ಕಡಿಮೆ. ತೊಡೆಯ ಮುಂಭಾಗ, ಹಿಂಭಾಗದ ಸ್ನಾಯು ಎಳೆಯುವ ವ್ಯಾಯಾಮ ದಿನಾ. ನೆಟ್ ಬಳಿಯ ಕೆಲಸ, ಸರ್ವ್, ರಿಸೀವ್, ಡ್ರಾಪ್ ಕಲಿಯಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಪುಲ್ಲೇಲ ಗೋಪಿಚಂದ್ 1994ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡು, ಶಸ್ತ್ರಚಿಕಿತ್ಸೆಗಳನ್ನು ಮಾಡಿಸಿಕೊಂಡು, 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದದ್ದು ನಿಜ. ಆ ಕಥೆ ಹುಡುಗರಿಗೆ ಬಹಳ ಇಷ್ಟ. ನಾನು ಅದನ್ನು ಹೇಳುವಾಗಲೆಲ್ಲ, ಆ ಕಾಲು ಸರಿಯಿದ್ದಿದ್ದರೆ ಅವರು ಇನ್ನೆಷ್ಟು ಗೆಲ್ಲುತ್ತಿದ್ದರು ಎಂಬುದನ್ನೂ ಯೋಚಿಸಲು ಹೇಳುತ್ತೇನೆ.

ಹಾಗಾದರೆ ಮಾಡಬೇಕಾದದ್ದೇನು? ಹತ್ತನೇ ತರಗತಿ ಬರೆಯಲಿ. ಬೆಳಗ್ಗೆ ಶಾಲೆಗೆ ಮೊದಲು ಒಂದು ಗಂಟೆ ದೇಹದ ಕೆಲಸ, ಸಂಜೆ ಎರಡು ಗಂಟೆ ಅಂಕಣ, ಭಾನುವಾರ ಪೂರ್ತಿ ವಿಶ್ರಾಂತಿ. ಈ ವಯಸ್ಸಿಗೆ ಇಷ್ಟು ಸಾಕು, ಗಮನವಿಟ್ಟು ಮಾಡಿದರೆ ಧಾರಾಳ ಸಾಕು. ಪುಣೆಯಲ್ಲಿದ್ದೀರಿ, ಅದು ಸಣ್ಣ ಅನುಕೂಲವಲ್ಲ. ಬ್ರಿಟಿಷ್ ಸೈನಿಕರು ಆಡುವಾಗ ಈ ಆಟಕ್ಕೆ ಪೂನಾ ಎಂದೇ ಹೆಸರಿತ್ತು. ಇಂದಿಗೂ ಬಾಲೇವಾಡಿಯಿಂದ ಡೆಕ್ಕನ್‌ವರೆಗೆ ಒಳ್ಳೆಯ ಮರದ ನೆಲದ ಅಂಕಣಗಳಿವೆ, 2004ರ ಅಥೆನ್ಸ್ ಒಲಿಂಪಿಕ್ಸ್ ಆಡಿದ ನಿಖಿಲ್ ಕಾನೇಟ್ಕರ್ ಅವರಂಥವರು ಇಲ್ಲೇ ತರಬೇತಿ ಕೊಡುತ್ತಿದ್ದಾರೆ. ಬೆಂಗಳೂರಿಗೋ ಹೈದರಾಬಾದಿಗೋ ಈಗಲೇ ಕಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ಲಕ್ಷ್ಯ ಸೇನ್ ಅಲ್ಮೋಡಾದಿಂದ ಬೆಂಗಳೂರಿಗೆ ಚಿಕ್ಕಂದಿನಲ್ಲೇ ಬಂದರು ಎಂದು ಹೇಳುತ್ತಾರೆ. ಅವರ ಮನೆಯಲ್ಲಿ ತಂದೆಯೇ ತರಬೇತುದಾರರು, ಅಣ್ಣನೂ ಆಟಗಾರ.

ಡಬಲ್ಸ್ ಕೂಡ ಆಡಲಿ. ಸಿಂಗಲ್ಸ್ ಎಂದರೆ ಸಿಂಗಲ್ಸ್ ಮಾತ್ರ ಎನ್ನುವ ಹಟ ಪುಣೆಯ ಪಾಲಕರಲ್ಲಿ ಬಹಳ ಕಾಣುತ್ತೇನೆ, ನನಗದು ಹಿಡಿಸುವುದಿಲ್ಲ. ಕಿದಂಬಿ ಶ್ರೀಕಾಂತ್ ಮೊದಲು ಡಬಲ್ಸ್ ಆಡುತ್ತಿದ್ದವರು. ಗೋಪಿಚಂದ್ ಸಿಂಗಲ್ಸ್‌ಗೆ ತಿರುಗಿಸಿದ ಮೇಲೆ 2017 ಒಂದೇ ವರ್ಷದಲ್ಲಿ ನಾಲ್ಕು ಸೂಪರ್ ಸೀರೀಸ್ ಗೆದ್ದು, 2018ರಲ್ಲಿ ವಿಶ್ವದ ಒಂದನೇ ಸ್ಥಾನ ಮುಟ್ಟಿದರು. ಮುಂಬಯಿಯ ನಮ್ಮ ಚಿರಾಗ್ ಶೆಟ್ಟಿ ಡಬಲ್ಸ್‌ನಲ್ಲೇ ಉಳಿದು ಅಲ್ಲಿ ವಿಶ್ವದ ಒಂದನೇ ಸ್ಥಾನಕ್ಕೆ ಏರಿದರು. ಹುಡುಗನ ಕೈ ಎಲ್ಲಿ ನಲಿಯುತ್ತದೆ ಎಂದು ಹದಿನೈದಕ್ಕೆ ಯಾರಿಗೂ ಗೊತ್ತಿರುವುದಿಲ್ಲ.

ಹದಿನೇಳು ಮುಗಿಯುವ ಹೊತ್ತಿಗೆ ಮತ್ತೆ ಕೂತು ಮಾತಾಡಿ. ಅಖಿಲ ಭಾರತ ರ‍್ಯಾಂಕಿಂಗ್ ಟೂರ್ನಿಗಳಲ್ಲಿ, ಹತ್ತೊಂಬತ್ತರ ಒಳಗಿನವರ ವಿಭಾಗದಲ್ಲಿ, ಕ್ವಾಲಿಫೈಯಿಂಗ್ ದಾಟಿ ಮುಖ್ಯ ಡ್ರಾನಲ್ಲಿ ಪದೇಪದೇ ಎರಡು ಮೂರು ಪಂದ್ಯ ಗೆಲ್ಲುತ್ತಿದ್ದಾನೆಯೇ? ಗೆಲ್ಲುತ್ತಿದ್ದರೆ, ಮೊಣಕಾಲು ಗಟ್ಟಿಯಿದ್ದರೆ, ಅವನಿಗೆ ಆಗಲೂ ಬೆಳಗ್ಗೆ ಐದಕ್ಕೆ ತಾನಾಗಿ ಎಚ್ಚರವಾಗುತ್ತಿದ್ದರೆ, ಹನ್ನೆರಡನೇ ತರಗತಿ ಮುಗಿಸಿ ಎರಡು ವರ್ಷ ಪೂರ್ತಿ ಆಟಕ್ಕೆ ಕೊಡಿ. ಯಜಮಾನರನ್ನು ಒಪ್ಪಿಸುವ ಕೆಲಸಕ್ಕೆ ನಾನೇ ನಿಮ್ಮ ಮನೆಗೆ ಬರುತ್ತೇನೆ. ಹಾಗಾಗದಿದ್ದರೆ ಕಾಲೇಜು ತಂಡ, ವಿಶ್ವವಿದ್ಯಾಲಯ ಮಟ್ಟ, ಮುಂದೆ ನೌಕರಿಯ ತಂಡ. ಅಲ್ಲಿ ಆಡುವವರೂ ಆಟಗಾರರೇ.

ಒಂದು ವಿಷಯ ಉಳಿಯಿತು. ಯಾರ ವೃತ್ತಿಯನ್ನು ನೋಡಿ ಕಲಿಯಲಿ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಬಳಿ ಬರುವ ಹುಡುಗರಿಗೆ ಎಚ್. ಎಸ್. ಪ್ರಣಯ್ ಅವರನ್ನು ನೋಡಲು ಹೇಳುತ್ತೇನೆ. 2010ರಲ್ಲಿ ಯೂತ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ, ದೊಡ್ಡವನಾಗುತ್ತಾನೆ ಎಂದರು. ಆಮೇಲೆ ಗಾಯ, ಹೊಟ್ಟೆಯ ತೊಂದರೆ, ದೊಡ್ಡವರನ್ನು ಸೋಲಿಸಿ ಮರುದಿನ ಸಣ್ಣವರಿಗೆ ಸೋಲುವುದು. 2017ರ ಅಮೆರಿಕಾ ಓಪನ್ ಆದಮೇಲೆ ವರ್ಷಗಟ್ಟಲೆ ಪ್ರಶಸ್ತಿಯೇ ಇಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಜನ ಆ ಹೊತ್ತಿಗೆ ಆಟ ಬಿಟ್ಟು ಕೋಚ್ ಆಗಿಬಿಡುತ್ತಾರೆ. ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್‌ನ 2022ರ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 2-2 ಆಗಿ ಕೊನೆಯ ಪಂದ್ಯ ಇವರ ಪಾಲಿಗೆ ಬಂತು. ಕಾಲು ಜಾರಿ ಪಾದ ಉಳುಕಿತು, ಮೊದಲ ಗೇಮ್ ಹೋಯಿತು, ಮುಂದಿನ ಎರಡನ್ನು 21-9, 21-12ರಿಂದ ಗೆದ್ದರು. ಭಾರತ ಮೊದಲ ಬಾರಿ ಥಾಮಸ್ ಕಪ್ ಗೆದ್ದದ್ದು ಆ ಸಲವೇ. 2018ರಲ್ಲಿ ಸೂಪರ್ ಸೀರೀಸ್ ಜಾಗಕ್ಕೆ ಬಂದ ವರ್ಲ್ಡ್ ಟೂರ್‌ನಲ್ಲಿ ಅವರ ಮೊದಲ ಪ್ರಶಸ್ತಿ, 2023ರ ಮಲೇಷ್ಯಾ ಮಾಸ್ಟರ್ಸ್, ಮೂವತ್ತು ದಾಟಿದ ಮೇಲೆ ಬಂತು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು, ಏಷ್ಯನ್ ಗೇಮ್ಸ್‌ನಲ್ಲಿ ಕಂಚು. ಪುರುಷರ ಸಿಂಗಲ್ಸ್‌ನಲ್ಲಿ 1982ರ ಸೈಯದ್ ಮೋದಿ ಅವರ ನಂತರ ನಮಗೆ ಏಷ್ಯನ್ ಗೇಮ್ಸ್ ಪದಕ ಬಂದದ್ದು ಆಗಲೇ.

ಆ 2023ರ ವಿಶ್ವ ಚಾಂಪಿಯನ್‌ಷಿಪ್ ಕ್ವಾರ್ಟರ್‌ಫೈನಲ್ ಅನ್ನು ಮಗನ ಜೊತೆ ಕೂತು ಪೂರ್ತಿ ನೋಡಿ. ಕೋಪನ್‌ಹೇಗನ್‌ನಲ್ಲಿ, ಆಕ್ಸೆಲ್ಸನ್ ಅವರ ಸ್ವಂತ ಜನರ ಮುಂದೆ ನಡೆದದ್ದು. ಮೊದಲ ಗೇಮ್ 13-21 ಸೋಲು. ಅಲ್ಲಿ ನಿಲ್ಲಿಸಿ, ಎರಡನೇ ಗೇಮಿನಲ್ಲಿ ನೀನಾದರೆ ಏನು ಬದಲಿಸುತ್ತೀಯ ಎಂದು ಅವನನ್ನೇ ಕೇಳಿ. ಆಮೇಲೆ ಮುಂದೆ ಓಡಿಸಿ, ಪ್ರಣಯ್ ಏನು ಬದಲಿಸಿ 21-15, 21-16ರಿಂದ ಗೆದ್ದರು ಎಂದು ಒಂದು ಹಾಳೆಯಲ್ಲಿ ಬರೆಯಲು ಹೇಳಿ. ಆ ಹಾಳೆಯನ್ನು ನನಗೆ ಕಳಿಸಿದರೆ ಓದಿ ಉತ್ತರ ಬರೆಯುತ್ತೇನೆ.